ಫ್ರೀಡಾಳ ನೆಲಮಾಳಿಗೆಯಲ್ಲಿ ನನ್ನ ಅರ್ಧ ಗೋಡೆ

ಮೊದಲ ಚಳಿಗಾಲ ನನಗೇನೂ ಗೊತ್ತಿರಲಿಲ್ಲ.
ಪಾವ್ಲೊದರಿನ ಅಂಚು, ತಗಡಿನ ಗರಾಜುಗಳ ಹದಿನಾರನೇ ಸಾಲು,
ಫ್ರೀಡಾಳಿಂದ ಬಾಡಿಗೆಗೆ ಹಿಡಿದದ್ದು.
ಶಾಂಪೂ, ಪಾಲಿಷು, ಮೇಣ, ಸೀಟಿನ ಚರ್ಮಕ್ಕೆ ಕ್ರೀಮು
ಎಲ್ಲ ಗೋಡೆಗೆ ಆನಿಸಿ ಜೋಡಿಸಿ
ಬೀಗ ಹಾಕಿ ಮನೆಗೆ ಹೋದೆ,
ಹೊಸ ಮದುಮಗನ ಹಾಗೆ ಸಿಳ್ಳೆ ಹಾಕುತ್ತ.

ಬೆಳಿಗ್ಗೆ ಮೈನಸ್ ಮೂವತ್ತೇಳು.
ಬೀಗದ ಬಾಯಿ ಬಿಡಿಸಲು ಲೈಟರಿನಿಂದ ಕಾಸಬೇಕಾಯಿತು.
ಒಳಗೆ ಬಾಟಲಿಗಳು ತುಂಬು ಬಸುರಿಯರು.
ಒಂದರ ತಳ ಬಿರಿದು
ನೀಲಿ ಶಾಂಪೂ ಕಲ್ಲಾಗಿ ನಾಲಗೆ ಚಾಚಿತ್ತು.

ಹೀಟರಿನ ಮೇಲಿಟ್ಟು ಕರಗಿಸಿದೆ.
ಕರಗಿದ್ದೇನೋ ಹೌದು. ಪಾಲಿಷಿನ ಬಾಟಲಿ ಅಲ್ಲಾಡಿಸಿದರೆ
ಹುಳಿ ಬಿದ್ದ ಹಾಲು: ಕೆಳಗೆ ನೀರು, ಮೇಲೆ ಗರಣೆ.
ದುಡ್ಡು ಕೊಟ್ಟು ತಂದದ್ದಲ್ಲವೇ, ಚೆಲ್ಲಲು ಕೈ ಬರಲಿಲ್ಲ,
ಝಾಕ್ಸಿಬೆಕ್‌ನ ಕರಿ ಕ್ಯಾಮ್ರಿಗೆ ಸವರಿದೆ.
ತಂಗಿಯ ಮದುವೆಗೆ ಹೊರಟಿದ್ದ ಕಾರು,
ಮೈತುಂಬ ಬಿಳಿ ಬಿಳಿ ಬರೆ.
ಅವನು ಬೈಯಲಿಲ್ಲ. ಟೊಪ್ಪಿ ತೆಗೆದು ತಲೆ ಕೆರೆದುಕೊಂಡ.
ಬೈದಿದ್ದರೆ ಲೇಸಿತ್ತು.

ಗರಾಜಿನ ನೆಲದಲ್ಲೊಂದು ಮರದ ಮುಚ್ಚಳ.
ನಾನು ದಿನವೂ ಅದರ ಮೇಲೇ ಕಾರು ನಿಲ್ಲಿಸುತ್ತಿದ್ದೆ.
ಫ್ರೀಡಾ ಬಂದು ಕೋಲಿನಿಂದ ಕುಟ್ಟಿದಳು:
"ನನ್ನ ಆಲೂಗಡ್ಡೆಯ ನೆತ್ತಿಯ ಮೇಲೆ ಟೈರು ಇಟ್ಟವನೇ, ಸರಿ."

ಹನ್ನೊಂದು ಮೆಟ್ಟಿಲು.
ಮಣ್ಣಿನ ವಾಸನೆ, ಸಬ್ಬಸಿಗೆ, ಹುಳಿಯೊಡೆದ ಎಲೆಕೋಸು.
ಮೊಳೆಗೆ ನೇತುಬಿದ್ದ ಥರ್ಮಾಮೀಟರಿನಲ್ಲಿ ನಾಲ್ಕು.
ಮೇಲೆ ಮರದ ಕೊಂಬೆ ಸಿಡಿಯುವ ಸದ್ದು,
ಇಲ್ಲಿ ನಾಲ್ಕು.

ಅಲ್ಯೂಮಿನಿಯಂ ಕಾರ್ಖಾನೆಯ ಉಗ್ರಾಣ
ಮೂವತ್ತು ವರ್ಷ ಕಾದವಳು ಅವಳು.
ನನ್ನ ಬಾಟಲಿಗಳನ್ನು ಒಂದೊಂದಾಗಿ ಎತ್ತಿ, ಮೂಸಿ,
ಹೆಣ್ಣು ನೋಡಲು ಬಂದ ಅತ್ತೆಯ ಹಾಗೆ ತಿರುಗಿಸಿ ನೋಡಿ
ಶಾಂಪೂ ಇಳಿಸು ಎಂದಳು. ಮೇಣ ಇಳಿಸು.
ಚಕ್ರದ ಆಸಿಡ್ಡೇ? ನನ್ನ ಸೌತೆಕಾಯಿಯ ಪಕ್ಕದಲ್ಲೇ?
ಹಿಮ ಬೀಳುವ ಮೊದಲೇ ಮುಗಿಸು ಅದನ್ನು,
ಬೇಕಾದಷ್ಟೇ ತಾ.
ಟಾರು ಬಿಡಿಸುವ ದ್ರಾವಣ ಹೊರಗೇ ನಡುಗಲಿ,
ಅದಕ್ಕೆ ಹೆಪ್ಪುಗಟ್ಟುವ ಬುದ್ಧಿಯಿಲ್ಲ.
ಅದರ ಹಬೆ ಈ ಗುಂಡಿಯಲ್ಲಿ ಕೂತರೆ
ಬಲ್ಬು ಹಾಕಿದವರು ಮತ್ತೆ ಮೆಟ್ಟಿಲು ಹತ್ತುವುದಿಲ್ಲ.

"ಇನ್ನೊಂದು ಮಾತು.
ನನ್ನ ಖಾಲಿ ಜಾಡಿಗೆ ನಿನ್ನದೇನನ್ನೂ ಸುರಿಯಬೇಡ.
ಬಣ್ಣ ಕಂಡರೆ ಮಗು ಷರಬತ್ತು ಅಂದುಕೊಳ್ಳುತ್ತದೆ."
ಯಾವ ಮಗು ಎಂದು ನಾನು ಕೇಳಲಿಲ್ಲ.
ಅವಳು ಸೀಮೆಸುಣ್ಣ ಹುಡುಕುತ್ತಿದ್ದಳು.
ನೆಲದಿಂದ ಗೋಡೆಗೆ ಒಂದು ಗೆರೆ ಎಳೆದಳು:
ಈಚೆ ಹೊಟ್ಟೆಯದು, ಆಚೆ ಹೊಳಪಿನದು.

ಜುಲೈ. ತಗಡೆಲ್ಲ ಕಾದ ಹಂಚು.
ಪಕ್ಕದ ಮರಾತ್ ಕಿಟಕಿಯಲ್ಲಿ ಮರೆತ ಸ್ಪ್ರೇ ಡಬ್ಬಿ
ಢಮಾರೆಂದು ಹಾರಿ ಸೂರಿಗೆ ಬಡಿಯಿತು;
ಆ ಗುಳಿ ಈಗಲೂ ಇದೆ,
ಬಂದವರಿಗೆಲ್ಲ ತೋರಿಸುತ್ತಾನೆ, ಪದಕದ ಹಾಗೆ.
ನಾನು ಮೇಲೆ ಬಿಟ್ಟಿದ್ದ ಒಂದೇ ಒಂದು ಮೇಣ
ಡಬ್ಬಿಯ ಅಂಚಿನಿಂದ ಬೆವರಿ ಎಣ್ಣೆಯಾಯಿತು.
ಕೆಳಗಿಳಿದರೆ ಒಂಬತ್ತು.
ಬೇಸಗೆಯ ಕೋಪ ಅಲ್ಲಿಗೆ ಮುಟ್ಟುವುದು ಅಷ್ಟೇ.

ಮತ್ತೊಂದು ಹಿಮ ಬಂತು, ಹೋಯಿತು.
ಏಪ್ರಿಲಿನಲ್ಲಿ ಉಳಿದ ಆಲೂಗಡ್ಡೆ ಕತ್ತಲಲ್ಲೇ ಮೊಳೆತು
ಬಿಳಿಯ, ರಕ್ತವಿಲ್ಲದ ಬೆರಳುಗಳು
ಗೆರೆ ದಾಟಿ ನನ್ನ ಶಾಂಪೂವಿನ ತನಕ.
ಫ್ರೀಡಾಳ ಮಂಡಿ ಈಗ ಮೆಟ್ಟಿಲಿಗೆ ಒಲ್ಲದು.
ಮುಚ್ಚಳದ ಬಳಿ ಸ್ಟೂಲು ಹಾಕಿ ಕೂತು ಕೂಗಿದಳು:
"ಎಷ್ಟಿದೆ?"
"ನಾಲ್ಕು."
"ಗೆರೆ?"
"ಇದೆ" ಎಂದೆ.
ಹಳೆಯ ಬಾಟಲಿ ಮುಂದೆ, ಹೊಸದು ಹಿಂದೆ,
ಎಲ್ಲವನ್ನೂ ಒಂದು ಗೇಣು ಆಚೆ ಸರಿಸಿದೆ.
ಅಂಗಿಯ ತೋಳಿನಿಂದ ಗೆರೆ ಒರೆಸಿ
ನನ್ನ ಕಡೆಗೆ ಜರುಗಿಸಿ ಎಳೆದೆ.