ಅಂಚಿನಲ್ಲಿ ನಿಂತವನು

ಬೋರಾ ಗಾಳಿ ಎದ್ದ ದಿನವೇ ಬರಬೇಕೆ ಈ ರಟ್ಟು!
ಎರಡೂವರೆ ಮೀಟರಿನ ಮ್ಯಾಟ್ ಬೋರ್ಡು, ಹಿಡಿದವರು ಇಬ್ಬರು,
ನಾನು, ಎದುರಂಗಡಿಯಲ್ಲಿ ಬೀಗ ರಿಪೇರಿ ಮಾಡುವ ದುಶಾನ್.
ತ್ರಿಯೆಸ್ತೆಯ ಇಳಿಜಾರಿನಲ್ಲಿ ಹಾಯಿ ಬಿಚ್ಚಿದ ದೋಣಿ ಅದು,
ಹೋದತ್ತ ನಾವು.

ಪಟ ಸಿನ್ಯೊರಾ ಫುಲ್ವಿಯಾ ಅವರದು.
ಹಡಗುಕಟ್ಟೆಯ ಕೆಲಸಗಾರರೆಲ್ಲ ಒಂದೇ ಫೋಟೋದಲ್ಲಿ,
ಎತ್ತರ ಒಂದು ಗೇಣು,
ಉದ್ದ ಎರಡು ಮೀಟರಿಗೆ ಎರಡು ಬೆರಳು ಕಮ್ಮಿ.

ನನ್ನ ಹಳೆಯ ಕಟರ್ ನೂರಿಪ್ಪತ್ತು ಸೆಂಟಿಮೀಟರಿನದು.
ಮದುವೆಗೆ, ಡಿಪ್ಲೊಮಾಕ್ಕೆ, ತೀರಿಹೋದ ನಾಯಿಗಳಿಗೆ ಸಾಕು.
ಅರ್ಧ ಕೊಯ್ದು, ರಟ್ಟು ಜಾರಿಸಿ, ಮುಂದುವರಿಸಬಹುದಲ್ಲ, ಅಂದ ದುಶಾನ್.
ಬಹುದು.
ಸೇರಿದ ಕಡೆ ಬಿಳಿಯಂಚಿನಲ್ಲಿ ಕೂದಲೆಳೆಯ ಮೆಟ್ಟಿಲು ಬೀಳುತ್ತದೆ;
ಒಮ್ಮೆ ಕಂಡಮೇಲೆ ಕಣ್ಣು ಪಟ ಬಿಟ್ಟು ಅದನ್ನೇ ನೋಡುತ್ತದೆ.

ಅದಕ್ಕೇ ಉದಿನೆಯ ಮುಚ್ಚಿಹೋದ ಅಂಗಡಿಯಿಂದ
ಈ ಉದ್ದನೆಯ ಹಳಿ ತಂದೆ. ಬೆಲೆ ಹೇಳಲಾರೆ.
ಕೊಳ್ಳುವಾಗ ಹೊಳಪು ನೋಡಲಿಲ್ಲ,
ಬಗ್ಗಿ, ಒಂದು ಕಣ್ಣು ಮುಚ್ಚಿ, ತುದಿಯಿಂದ ತುದಿಗೆ ನೋಡಿದೆ:
ಉದ್ದ ಕಟರಿನ ಕಳ್ಳತನವೆಲ್ಲ ನಡುವಿನಲ್ಲಿ.
ಬ್ಲೇಡು ಹಿಡಿದ ತಲೆ ತುಸು ಅಲುಗಿದರೂ
ನಲವತ್ತೈದು ಡಿಗ್ರಿಯ ಓರೆ ಬರೀ ಅಂದಾಜು.

ಮೇಜು ಸಾಲದೆ ಹಿಂಕೋಣೆಯ ಬಾಗಿಲು ಕಳಚಿ ಹಾಸಿದೆ.
ಹೊಸ ಬ್ಲೇಡು. ಅಡಿಗೊಂದು ಬಲಿರಟ್ಟು.
ರಟ್ಟಿನ ಬೆನ್ನಿಗೆ ಪೆನ್ಸಿಲ್ ಗೆರೆ:
ಸುತ್ತಲೂ ಮೂರು ಮಿಲಿಮೀಟರ್ ಪಟದ ಮೇಲೆ ಹೊದೆಯಬೇಕು,
ಕಸುಬಿನ ಕಾನೂನು.

"ಹಾಗಾದರೆ ಅವನು ಹೋಗುತ್ತಾನೆ," ಅಂದರು ಫುಲ್ವಿಯಾ.

ಬಲತುದಿ. ಅರ್ಧ ಮುಖ, ಒಂದು ಕಿವಿ,
ಕ್ಯಾಮೆರಾ ತಿರುಗಿ ಮುಗಿಯುವ ಹೊತ್ತಿಗೆ ಓಡಿಬಂದವನ ಮೊಣಕೈ.

"ನಿಮ್ಮ ಯಜಮಾನರೇ?"
"ಅವರು ನಡುವಿನಲ್ಲಿದ್ದಾರೆ, ಫೋರ್‌ಮನ್ ಪಕ್ಕ.
ಅವರು ಎಲ್ಲಿಗೂ ಹೋಗುವುದಿಲ್ಲ."

ಮತ್ತೆ ಕೇಳಲಿಲ್ಲ. ಗೆರೆ ಅಳಿಸಿದೆ.
ಪಟಕ್ಕಿಂತ ಕಿಟಕಿಯೇ ದೊಡ್ಡದಿರಲಿ, ಸುತ್ತ ಒಂದು ಬೆರಳು ಬಯಲು;
ಜಪಾನಿ ಕಾಗದದ ಕೀಲಿನ ಮೇಲೆ ಪಟ ತೇಲಲಿ,
ಹರಿದ ಅಂಚೂ ಕಾಣಲಿ.

ನಿಂತಲ್ಲೇ ಕೊಯ್ಯುವ ಉದ್ದವಲ್ಲ ಇದು.
ಉಸಿರು ಹಿಡಿದು ಹಳಿಯ ಜೊತೆಗೇ ನಡೆದೆ, ನಾಲ್ಕು ಹೆಜ್ಜೆ,
ಕೈಯ ಭಾರ ಒಂದೇ ಸಮ,
ಮೂಲೆ ಬಂದಾಗ ನಿಲ್ಲಬೇಕು, ಅದೇ ಕಷ್ಟ.
ನಾಲ್ಕನೆಯ ಕೊಯ್ತಕ್ಕೆ ನಡುವಿನ ತುಂಡು
ತಾನಾಗಿ ಸಡಿಲಿತು, ಎಳೆಯದೆ, ಹರಿಯದೆ.

ಗಾಜಿನ ಭಾರ ಬೇಡವೆಂದು ಅಕ್ರಿಲಿಕ್ ಹಾಕಿದೆ.
ವಾರದ ಮೇಲೂ ಗಾಳಿ ನಿಂತಿರಲಿಲ್ಲ.
ವ್ಯಾನಿಗೆ ಸಾಗಿಸುವಾಗ ಎಡತುದಿ ನನ್ನದು, ನಡುವಿಗೆ ದುಶಾನ್.
ಬಲತುದಿ ಹಿಡಿಯಲು, ಎಂಬತ್ತೊಂದರ ವಯಸ್ಸಿನಲ್ಲಿ,
ಕೈಗವಸು ಕಳಚುತ್ತ
ಫುಲ್ವಿಯಾ ತಾವೇ ಬಂದರು.