ಮೈಬಣ್ಣ

ನನ್ನ ಹೆಸರು ಫೆನ್ನಾ.
ರೋಟರ್‌ಡ್ಯಾಮಿನ ಈ ರಂಗಮಂದಿರದ ನೆಲಮಾಳಿಗೆಯಲ್ಲಿ
ಮೂವತ್ತೊಂದು ವರ್ಷದಿಂದ
ಬ್ಯಾಲೆ ಹುಡುಗಿಯರ ಶೂಗಳ ಲೆಕ್ಕ ನನ್ನದು.
ಸ್ಯಾಟಿನ್ನಿಗೆ ಹತ್ತಿದ್ದು ಯಾರ ಬೆವರು, ಯಾರ ರಕ್ತ
ಮೂಸಿಯೇ ಹೇಳಬಲ್ಲೆ.

ಡಬ್ಬಿಯ ಮೇಲೆ 'ಮೈಬಣ್ಣ' ಎಂದಿರುತ್ತದೆ.
ಒಳಗೆ ಗುಲಾಬಿ.
ಯಾರ ಮೈ ಎಂದು ನಾನು ಕೇಳಲಿಲ್ಲ,
ನನ್ನದೇ ಹೆಚ್ಚುಕಡಿಮೆ ಹಾಗಿತ್ತಲ್ಲ,
ಕೇಳುವ ಪ್ರಮೇಯ ಬರಲಿಲ್ಲ.

ಸುಳ್ಳು. ಬಂದಿತ್ತು, ಒಮ್ಮೆ.
ಸುರಿನಾಮಿನ ಕಡೆಯವಳು, ಮುರಿಯಲ್,
ಅಪ್ಪ ಟ್ರಾಮ್ ಓಡಿಸುತ್ತಿದ್ದ.
ಇಪ್ಪತ್ನಾಲ್ಕು ಹಂಸಗಳಲ್ಲಿ ಅವಳು ಕೊನೆಯದು.
"ಸಾಲು ಕೆಡುತ್ತದೆ" ಎಂದರು ನಿರ್ದೇಶಕರು, ಮೆಲ್ಲಗೆ.
ಒರಟರಲ್ಲ ಅವರು,
ನನ್ನ ಮಗನ ಹುಟ್ಟುಹಬ್ಬ ನೆನಪಿಟ್ಟವರು.
ಬಿಳಿ ಪೌಡರನ್ನು ನನ್ನ ಕೈಗೇ ಕೊಟ್ಟರು.

ಕತ್ತು, ಭುಜ, ಮೊಣಕೈಯ ಒಳಮಡಿಕೆ,
ಒದ್ದೆ ಸ್ಪಂಜಿನಲ್ಲಿ ಬಳಿದೆ.
ಅವಳು ಕನ್ನಡಿ ನೋಡುತ್ತಿರಲಿಲ್ಲ,
ನನ್ನ ಕೈ ನೋಡುತ್ತಿದ್ದಳು.

ಅಂಕ ಮುಗಿದು ಒಳಗೆ ಓಡಿಬಂದು
ಪಕ್ಕದ ಕಪ್ಪು ಪರದೆಗೆ ಒರಗಿ ಉಸಿರು ಹಿಡಿದಳು.
ಪರದೆಯ ಮೇಲೆ ಉಳಿಯಿತು
ಒಂದು ಬಿಳಿಯ ತೋಳು,
ಯಾರದೂ ಅಲ್ಲದ್ದು.
ಬ್ರಷ್ಷು ಹಿಡಿದು ಉಜ್ಜಿದವಳೂ ನಾನೇ.

ಮರುವರ್ಷ ಅವಳು ಬರಲಿಲ್ಲ.
ಸಾಲು ನೆಟ್ಟಗಿತ್ತು.

ಈ ಮಾರ್ಚಿನ ಒಂದು ಭಾನುವಾರ, ಕ್ರಾಲಿಂಗನ್ ಕೆರೆಯಂಚಿನಲ್ಲಿ
ಬೆಂಚಿನ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದೆ.
ಹಂಸವೊಂದು ನೀರು ಬಿಟ್ಟು ದಡ ಹತ್ತಿತು,
ಕೊಳಕು ಹುಲ್ಲಿನ ಮೇಲೆ ತಪ್ಪತಪ್ಪ ನಡೆಯಿತು.
ಪಾದ ಕಪ್ಪು.
ಇದ್ದಿಲಿನಷ್ಟು ಕಪ್ಪು.
ಇಷ್ಟು ವರ್ಷ ಹಂಸಗಳನ್ನು ಕುಣಿಸಿದವರು
ಯಾರೂ ನೀರಿನ ಕೆಳಗೆ ನೋಡಿರಲಿಲ್ಲವೇ?
ಬ್ರೆಡ್ಡು ಗಂಟಲಲ್ಲಿ ಹಾಗೇ ನಿಂತಿತು.

ಈಗಿರುವವಳು ಜುರೈನಾ, ಕ್ಯುರಸಾವ್ ದ್ವೀಪದವರ ಮಗಳು.
ಸಂಜೆ ಉಳಿದವರು ಕಾಲು ಚಾಚಿ ಮಲಗಿದರೆ
ಇವಳು ನನ್ನ ನೆಲದ ಮೇಲೆ ಕೂತು
ಮುಖಕ್ಕೆ ಹಚ್ಚುವ ಕಂದು ಕ್ರೀಮನ್ನು ಶೂಗೆ ತಟ್ಟುತ್ತಾಳೆ.
ಜೊತೆಗೆ ನಲವತ್ತು ನಿಮಿಷ, ವಾರಕ್ಕೆ ಐದು ಜೊತೆ.
ಸ್ಯಾಟಿನ್ ಕುಡಿಯುತ್ತದೆ, ಮತ್ತೆ ಕೇಳುತ್ತದೆ.

ಸ್ಪಂಜು ಹಿಡಿದು ಪಕ್ಕದಲ್ಲಿ ಕೂತೆ.
"ಬೇಡ ಫೆನ್ನಾ," ಎಂದಳು,
"ನೀನು ಬಳಿಯುವುದು ಬೇಡ.
ಅವರ ಹಾಗೆ ಡಬ್ಬಿ ತೆಗೆದು ಹಾಕಿಕೊಳ್ಳಬೇಕು, ಅಷ್ಟೇ."

ಅವಳ ಕಾಲಿನ ಪಕ್ಕ ಬಟ್ಟೆಯ ತುಂಡುಗಳನ್ನಿಟ್ಟು
ಹನ್ನೊಂದನೆಯದಕ್ಕೆ ಇಬ್ಬರೂ ಹೂಂ ಎಂದೆವು.
ಕಾರ್ಖಾನೆಯವರು ಫೋನು ಮಾಡಿದರು:
"ಈ ಹೊಸ ಬಣ್ಣಕ್ಕೆ ಏನು ಹೆಸರು ಹಾಕೋಣ?
ದಾಲ್ಚಿನ್ನಿ? ಕಾಫಿ?"
ತಿನ್ನುವ ವಸ್ತುಗಳೇ ಎಲ್ಲ.

ಮೈಬಣ್ಣ ಎಂದು ಹಾಕಿ, ಅಂದೆ.
ಮತ್ತೆ ಆ ಹಳೆಯದಕ್ಕೆ?
ಅದಕ್ಕೆ ಗುಲಾಬಿ. ಗುಲಾಬಿ ತಾನೇ ಅದು.

ಡಬ್ಬಿ ನಿನ್ನೆ ಬಂತು.
ಜುರೈನಾ ಏನೂ ಹೇಳಲಿಲ್ಲ.
ಲಾಡಿ ಹೊಲಿದು, ಹೊಸ ಶೂ ಮೆತ್ತಗಾಗಲೆಂದು
ನನ್ನ ಮೆಟ್ಟಿಲಿಗೆ ಅಪ್ಪಳಿಸಿದಳು,
ಎಲ್ಲರೂ ಅಪ್ಪಳಿಸುವ ಹಾಗೆ,
ಧಡ್, ಧಡ್.

ಮುರಿಯಲ್‌ಗೆ ಕಾಗದ ಬರೆಯಲು ಕೂತಿದ್ದೇನೆ.
ಹೆಸರಿನ ಮುಂದೆ
ಇನ್ನೂ ಪೆನ್ನು ಹೋಗುತ್ತಿಲ್ಲ.