ಬಗ್ಗಿ ಬನ್ನಿ

ಬಗ್ಗಿ ಬನ್ನಿ, ಚೌಕಟ್ಟು ಗಿಡ್ಡ.
ಪಾಳೇಗಾರರ ಕಾಲದ್ದು ಎನ್ನುತ್ತಾರೆ ಪಾಲಾಕ್ಷಪ್ಪನವರು,
ಬಾಡಿಗೆ ಏರಿಸುವ ತಿಂಗಳಲ್ಲಿ ಮಾತ್ರ.
ಸೂರು ಸೋರಿದಾಗ ಕೇಳಿ ನೋಡಿ,
ಅವರಪ್ಪ ಮೊನ್ನೆ ಮೊನ್ನೆ ಕಟ್ಟಿಸಿದ್ದು.

ಚಪ್ಪಲಿ ಒಳಗೇ ಬಿಡಿ. ಹೊರಗಿಟ್ಟರೆ
ಕೋತಿ ಒಯ್ಯುತ್ತದೆ, ಒಂದೇ ಒಂದನ್ನು;
ಇನ್ನೊಂದನ್ನು ನೀವೇ ಎಸೆಯಬೇಕು.
ಕೋಟೆಯಿಂದ ಅವು ಇಳಿಯುವುದು ಹತ್ತೂವರೆಗೆ,
ಬ್ಯಾಂಕಿನವರಿಗಿಂತ ಹೊತ್ತಿಗೆ ಸರಿಯಾಗಿ.

ಗೋಡೆ ಎರಡು ಮೊಳ ದಪ್ಪ.
ಮೊಳೆ ಇಳಿಯುವುದಿಲ್ಲ; ಹದಿನೇಳು ವರ್ಷದ ಕ್ಯಾಲೆಂಡರುಗಳು
ಕಿಟಕಿಯ ಸರಳಿಗೇ ನೇತುಬಿದ್ದು
ಗಾಳಿ ಬಂದಾಗ ತಿಂಗಳು ಬದಲಿಸಿದವು.
ಫೋನಿನ ಸಿಗ್ನಲ್ಲೂ ಒಳಗೆ ಬರುವುದಿಲ್ಲ.
ಹೊಸಿಲ ಮೇಲೆ ನಿಂತು ಮಾತಾಡಬೇಕು,
ಹಾಗಾಗಿ ನನ್ನ ತಂಗಿಯ ಸಂಸಾರ
ಓಣಿಗೆಲ್ಲ ನನಗಿಂತ ಚೆನ್ನಾಗಿ ಗೊತ್ತು.

ಈ ಕಲ್ಲು ನೋಡಿ, ಒಲೆಯ ಪಕ್ಕದ್ದು.
ಮೀನು ಕೆತ್ತಿದ್ದಾರೆ, ತಲೆಕೆಳಗಾಗಿದೆ.
ಯಾವ ಬುರುಜಿನದೋ, ಯಾವ ಗುಡಿಯದೋ,
ಕಟ್ಟಿದವನು ಉದ್ದ ಅಗಲ ನೋಡಿದ, ಮೀನು ನೋಡಲಿಲ್ಲ.
ಮೊದಮೊದಲು ಕೈಮುಗಿಯುತ್ತಿದ್ದೆ.
ಆಮೇಲೆ ಅದರ ಬಾಲಕ್ಕೆ ಮಸಿಬಟ್ಟೆ ನೇತುಹಾಕಿದೆ.
ಈಗ ಎರಡೂ.

ಬಚ್ಚಲ ಒಲೆಗೊಂದು ಕಿಂಡಿ ಕೊರೆಸಲು
ಇಲಾಖೆಗೆ ಅರ್ಜಿ ಕೊಟ್ಟು ಆರು ವರ್ಷ.
ನೂರು ಮೀಟರಿನೊಳಗೆ ಸ್ಮಾರಕವಂತೆ.
ಟೇಪು ಹಿಡಿದು ಬಂದವರು ಅಳೆದರು, ಟೀ ಕುಡಿದರು,
ಎಪ್ಪತ್ತೆರಡು ಎಂದು ಬರೆದುಕೊಂಡು ಹೋದರು.
ಹೊಗೆ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ
ನನ್ನ ಕಣ್ಣಿಗೇ ಬರುತ್ತದೆ.

ನಲ್ಲಿ ಎಂಟು ದಿನಕ್ಕೊಮ್ಮೆ, ನಡುರಾತ್ರಿ ಎರಡಕ್ಕೆ.
ಬೋರಕ್ಕ ಕಿಟಕಿಗೆ ಬಳೆ ತಾಗಿಸಿ ಎಬ್ಬಿಸುತ್ತಾಳೆ;
ಅವಳಿಗೂ ನನಗೂ ನಾಲ್ಕು ತಿಂಗಳಿಂದ ಮಾತಿಲ್ಲ,
ಕೊಡದ ಜಗಳ. ಎಬ್ಬಿಸುವುದು ಮಾತ್ರ ತಪ್ಪಿಸಿಲ್ಲ.
ಗ್ಯಾಸಿನ ಗಾಡಿ ಅರಳಿಕಟ್ಟೆಗೇ ನಿಲ್ಲುತ್ತದೆ.
ನಯಾಜ್ ಸಿಲಿಂಡರು ಉರುಳಿಸಿ ತರುವ ಸದ್ದಿನಿಂದ
ಯಾರ ಮನೆಯಲ್ಲಿ ಯಾವ ವಾರ ಸೌದೆ ಉರಿಯಿತೆಂದು
ಎಲ್ಲರಿಗೂ ಲೆಕ್ಕ ಸಿಗುತ್ತದೆ.
ಏಪ್ರಿಲ್ಲಿನಲ್ಲಿ ಬೆಟ್ಟ ಹಗಲೆಲ್ಲ ಕುಡಿದದ್ದನ್ನು
ರಾತ್ರಿ ನಮ್ಮ ಮೇಲೆ ಉಸಿರುತ್ತದೆ.

ಒಳ್ಳೆಯದು ಏನೆಂದು ಕೇಳಿದಿರಾ?
ಎಣ್ಣೆಗೆ ಸಾಸಿವೆ ಹಾಕಿ, ಕರಿಬೇವಿಲ್ಲವೆಂದು ನೆನಪಾಗಿ,
ಸಂತೆಹೊಂಡದ ಮೂಲೆಗೆ ಓಡಿ ತಂದರೆ
ಸಾಸಿವೆ ಇನ್ನೂ ಸಿಡಿಯುತ್ತಿರುತ್ತದೆ.
ಆಸ್ಪತ್ರೆ, ಬಸ್ಸು, ದರ್ಜಿ, ಗಿರಣಿ
ಎಲ್ಲ ಇದರೊಳಗೇ ಬಂತು.

ಬಿಡುವುದು ಯಾಕೆಂದರೆ,
ನಮ್ಮವರು ಸಾಲದಲ್ಲಿ ಲಗೇಜ್ ಆಟೋ ತೆಗೆದರು.
ಓಣಿಗೆ ಅದರ ಭುಜ ಹಿಡಿಸುವುದಿಲ್ಲ.
ದೊಡ್ಡಪೇಟೆಯ ಬಾಯಲ್ಲಿ ನಿಲ್ಲಿಸಿ ಮಲಗಿದರೆ
ಒಂದು ಬೆಳಗ್ಗೆ ಕನ್ನಡಿ ಇಲ್ಲ, ಇನ್ನೊಂದು ಬೆಳಗ್ಗೆ ಬ್ಯಾಟರಿ ಇಲ್ಲ.
ಇರುಳಲ್ಲಿ ಮೂರು ಸಲ ಎದ್ದು ಹೋಗಿ
ಜ್ವರದ ಕೂಸನ್ನು ಮುಟ್ಟಿದಂತೆ ಮುಟ್ಟಿ ಬರುತ್ತಾರೆ.
ಹೈವೇ ಆಚೆ ಹೊಸ ಲೇಔಟಿನಲ್ಲಿ ಅಡ್ವಾನ್ಸ್ ಕೊಟ್ಟಾಯಿತು.
ಅಲ್ಲಿ ಗಾಡಿ ಬಾಗಿಲಿಗೇ ಬರುತ್ತದೆ.
ಬೇರೇನೂ ಬರುವುದಿಲ್ಲ.

ಹಾಲುಕ್ಕಿಸಲು ಹೋದ ದಿನ,
ಏಳಡಿ ಬಾಗಿಲು, ನಾನು ಸೊಂಟ ಬಗ್ಗಿಸಿ ಒಳಗೆ ಹೋದೆ.
ಗಾರೆಯವನು ನಕ್ಕ. ಹೊರಬರುವಾಗ
ನೆಟ್ಟಗೆ ಬರೋಣವೆಂದು ಮನಸ್ಸಿನಲ್ಲೇ ಹೇಳಿಕೊಂಡರೂ
ಕತ್ತು ಕೇಳಲಿಲ್ಲ.

ಬೀಗ ಎಡಕ್ಕೆ ಒಂದು ಸುತ್ತು,
ಜೊತೆಗೆ ಬಾಗಿಲನ್ನು ಮೊಣಕಾಲಲ್ಲಿ ಒತ್ತಬೇಕು, ಹೀಗೆ.
ಇವತ್ತೇ ಹೂಂ ಅನ್ನಬೇಡಿ.
ಇನ್ನೂ ಎರಡು ಮನೆ ನೋಡಿ,
ಬಾಡಿಗೆ ಜಾಸ್ತಿಯಾಯಿತು ಎನ್ನಿ, ಯೋಚಿಸುತ್ತೇವೆ ಎನ್ನಿ,
ಒಂದೆರಡು ವಾರ ಹಾಗೇ ಕಳೆಯಲಿ.

ಅಯ್ಯೋ, ತಾಗಿತಾ?
ಮೊದಲೇ ಹೇಳಿದ್ದೆನಲ್ಲ.
ಉಜ್ಜಬೇಡಿ, ಕೂತ್ಕೊಳ್ಳಿ, ತಣ್ಣೀರು ತರುತ್ತೇನೆ.
ಕೊಡದಲ್ಲಿ ಇನ್ನೂ ಎರಡು ದಿನದ್ದಿದೆ.